ಮಂಗಳೂರು ನೋಡೋದಾದರೆ ದಕ್ಕೆಯಿಂದ ಶುರು ಮಾಡಿ

ನಮ್ಮ ದಾವಣಗೆರೆ ಕಡೆಯವರು ಮಂಗಳೂರಿಗೆ ಹೊರಟರೆ ಮೊದಲು ಕೇಳುವುದು, 'ಬೀಚಿಗೆ ಎಷ್ಟೊತ್ತಿಗೆ ಹೋಗೋದು?' ಅಂತ. ಬಸ್ ಇಳಿದು, ರೂಮಿಗೆ ಬ್ಯಾಗ್ ಎಸೆದು, ತಿಂಡಿ ತಿಂದು ಹನ್ನೊಂದು ಗಂಟೆಗೆ ಸೀದಾ ಪಣಂಬೂರು. ಒಂದು ಗಂಟೆ ಹೊತ್ತಿಗೆ ಮಕ್ಕಳು ಅಳುತ್ತಿರುತ್ತವೆ, ದೊಡ್ಡವರು ಸಿಡುಕುತ್ತಿರುತ್ತಾರೆ, ಎಲ್ಲರ ಅಂಗಿ ಬೆನ್ನಿಗೆ ಅಂಟಿರುತ್ತದೆ. ಆಮೇಲೆ ರೂಮಿಗೆ ಹೋಗಿ ಮಲಗಿದರೆ ಏಳೋದು ಸಂಜೆಗೇ. ಊರಿಗೆ ಬಂದು 'ಮಂಗಳೂರಲ್ಲಿ ಏನೈತ್ರೀ, ಬರೀ ಸೆಕೆ' ಅನ್ನುತ್ತಾರೆ.

ನಮ್ಮ ಮನೆಯವರು, ಓಣಿಯವರು, ಆಫೀಸಿನವರು ಯಾರು ಹೊರಟರೂ ದಾರಿ ತೋರಿಸುವ ಕೆಲಸ ನನಗೆ ಬೀಳುತ್ತದೆ. ವರ್ಷಗಳಿಂದ ಇದನ್ನೇ ಮಾಡುತ್ತಾ ಒಂದು ಕ್ರಮ ಕೂತಿದೆ. ಬೆಳಗಿನ ಜಾವ ಬಂದರು, ಮಧ್ಯಾಹ್ನ ಸೂರಿನ ಕೆಳಗೆ, ಸಂಜೆ ಮರಳು. ಇದನ್ನು ಅದಲು ಬದಲು ಮಾಡಲು ನಾನು ಬಿಡುವುದಿಲ್ಲ. ನಮ್ಮೂರಲ್ಲೂ ಬಿಸಿಲು ಜೋರು, ನಿಜ. ಆದರೆ ನಮ್ಮದು ಒಣ ಬಿಸಿಲು. ಒಂದು ಮರದ ಕೆಳಗೆ ನಿಂತರೆ ತಂಪಾಗುತ್ತದೆ. ಅಲ್ಲಿ ಗಾಳಿಯಲ್ಲೇ ನೀರು. ಬೆವರು ಆರುವುದೇ ಇಲ್ಲ, ಹಾಗಾಗಿ ಮೈ ತಣಿಯುವುದೂ ಇಲ್ಲ. ನೆರಳಲ್ಲಿ ನಿಂತರೂ ಅಷ್ಟೇ. ಬಯಲುಸೀಮೆಯ ದೇಹಕ್ಕೆ ಇದು ಮೊದಲ ದಿನ ತಿಳಿಯುವುದಿಲ್ಲ.

ಹೋಗುವ ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುಂಪಿದ್ದರೆ ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮೇಲೆ ಇಳಿಯುತ್ತೇವೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ದೊಡ್ಡ ಬಸ್ಸು, ಲಾರಿಗಳಿಗೆ ಅಲ್ಲಿ ದಾರಿ ಇಲ್ಲ. ಟಿಟಿ, ಮಿನಿ ಬಸ್ ಆದರೆ ಸರಿ. ಇಬ್ಬರು ಮೂವರಾದರೆ ವಿಜಯಪುರದಿಂದ ಮಂಗಳೂರಿಗೆ ಹೋಗುವ ರೈಲು ದಾವಣಗೆರೆ ಮೇಲೇ ಹಾದು ಹೋಗುತ್ತದೆ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗಗಳು. ಕಿಟಕಿ ಪಕ್ಕ ಮಕ್ಕಳನ್ನು ಕೂರಿಸಿ ಎಣಿಸಲು ಹೇಳಿ. ಇಪ್ಪತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪಿ ಜಗಳ ಶುರುವಾಗುತ್ತದೆ, ನಿಮಗೆ ಹೊತ್ತು ಹೋಗುತ್ತದೆ.

ಈಗ ದಕ್ಕೆ. ಹಳೇ ಬಂದರಿನ ಮೀನುಗಾರಿಕೆ ಧಕ್ಕೆಯನ್ನು, ಅಂದರೆ ಬೋಟುಗಳು ಬಂದು ನಿಲ್ಲುವ ಕಟ್ಟೆಯನ್ನು, ಅಲ್ಲಿಯವರು ಬರೀ ದಕ್ಕೆ ಅಂತಾರೆ. ಆಟೊದವರಿಗೆ ಅಷ್ಟು ಹೇಳಿದರೆ ಸಾಕು. ನೇತ್ರಾವತಿ, ಗುರುಪುರ ಎರಡೂ ನದಿಗಳು ಸಮುದ್ರ ಸೇರುವ ಅಳಿವೆಯ ಒಳಗಡೆ ಇರುವ ಬಂದರು ಇದು. ದೊಡ್ಡ ಹಡಗುಗಳಿಗೆ ಇಲ್ಲಿ ಆಳ ಸಾಲದು. ಅದಕ್ಕೇ ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟಿದರು, 1975ರಲ್ಲಿ ಅದರ ಉದ್ಘಾಟನೆ ಆಯಿತು. ಆದರೆ ಅಲ್ಲಿ ಒಳಗೆ ಹೋಗಲು ನಮ್ಮಂಥವರಿಗೆ ಪಾಸಿಲ್ಲದೆ ಆಗುವುದಿಲ್ಲ. ಹಳೇ ಬಂದರಿನಲ್ಲಿ ಹಾಗಲ್ಲ, ಯಾರ ಕೆಲಸಕ್ಕೂ ಅಡ್ಡ ಬಾರದೆ ಬದಿಯಲ್ಲಿ ನಿಂತರೆ ಎಲ್ಲವೂ ಕಣ್ಣೆದುರೇ ನಡೆಯುತ್ತದೆ.

ಆರು ಗಂಟೆಗೆ ಮುಂಚೆ ಅಲ್ಲಿರಬೇಕು. ಬೋಟುಗಳು ಒಂದರ ಪಕ್ಕ ಒಂದು ಎಷ್ಟು ಒತ್ತಿಕೊಂಡು ನಿಂತಿರುತ್ತವೆ ಎಂದರೆ ಕೊನೆಯ ಬೋಟಿನವನು ದಡಕ್ಕೆ ಬರಲು ಉಳಿದವನ್ನೆಲ್ಲ ಹತ್ತಿ ಇಳಿದೇ ಬರಬೇಕು. ಹೊಟ್ಟೆಯೊಳಗಿಂದ ಬುಟ್ಟಿ ಬುಟ್ಟಿ ಮೀನು ಮೇಲೆ ಬರುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಬೊಂಡಾಸ್, ಸಿಗಡಿ. ನೆಲದ ಮೇಲೆ ಸುರಿದ ತಕ್ಷಣ ಸುತ್ತ ಜನ ಕೂಡುತ್ತಾರೆ. ಏಲಂ ಕೂಗುವವನು ತುಳುವಿನಲ್ಲಿ ಒಂದೇ ಉಸಿರಿಗೆ ರೇಟು ಹೇಳುತ್ತಾ ಹೋಗುತ್ತಾನೆ. ಕೊಳ್ಳುವವರು ಬಾಯಿ ಬಿಡುವುದೇ ಇಲ್ಲ. ಒಬ್ಬರು ಗಲ್ಲ ಎತ್ತಿದರು, ಇನ್ನೊಬ್ಬರು ಬೆರಳು ಆಡಿಸಿದರು, ಮುಗೀತು. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ನೋಡಿದವರಿಗೂ ಇಷ್ಟು ಬೇಗ ಹೇಗೆ ಮುಗಿಯಿತು ಅಂತ ಅರ್ಥವಾಗುವುದಿಲ್ಲ. ಮೀನಿಗೆ ಕಾಯುವ ಹೊತ್ತಿಲ್ಲ, ಅಷ್ಟೇ. ಐಸ್ ಪುಡಿ ಬಿದ್ದ ಬುಟ್ಟಿ ಹೊತ್ತು ಓಡುವವರು, ಮೇಲೆ ಸುತ್ತುವ ಗರುಡಗಳು, ಡೀಸೆಲ್ ವಾಸನೆ. ಕಾಲಿಗೆ ಚಪ್ಪಲಿ ಬೇಡ, ಜಾರುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ. ಪ್ಯಾಂಟು ಮಡಚಿಕೊಳ್ಳಿ.

ಪಕ್ಕದಲ್ಲೇ ಹಳೇ ಬಂದರಿನ ಸರಕಿನ ಜಾಗ ಇದೆ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು, ಅಂದರೆ ಸರಕು ಸಾಗಿಸುವ ಸಣ್ಣ ಹಡಗುಗಳು, ಇಲ್ಲಿ ನಿಲ್ಲುತ್ತವೆ. ಸಿಮೆಂಟು, ಜಲ್ಲಿ, ತರಕಾರಿ, ದಿನಸಿ ಎಲ್ಲ ಇಲ್ಲಿಂದ ಹೊರಡುತ್ತದೆ. ಒಂದು ದ್ವೀಪದ ಮನೆಗೆ ಬೇಕಾದ ಈರುಳ್ಳಿ ಮೂಟೆ ಇಲ್ಲಿ ಹಲಗೆ ಮೇಲೆ ಉರುಳುವುದನ್ನು ನೋಡುತ್ತಾ ನಿಲ್ಲುವುದು ನನಗಂತೂ ಯಾವ ಬೀಚಿಗಿಂತ ಇಷ್ಟ.

ನಮ್ಮ ಗುಂಪಿನಲ್ಲಿ ಅರ್ಧ ಜನ ಲಿಂಗಾಯತರು, ಮೀನು ಮುಟ್ಟದವರು. 'ನಾವ್ಯಾಕೆ ಆ ನಾತಕ್ಕೆ ಬರಬೇಕು?' ಅಂತ ದೊಡ್ಡಮ್ಮ ಪ್ರತಿ ಸಲ ಕೇಳುತ್ತಾರೆ. ಅಂಥವರನ್ನು ಆ ಹೊತ್ತಿಗೆ ಕದ್ರಿಗೆ ಕಳಿಸುತ್ತೇನೆ. ಬೆಳಿಗ್ಗೆ ಕದ್ರಿ ಮಂಜುನಾಥನ ಗುಡಿ ತಣ್ಣಗಿರುತ್ತದೆ, ಮೇಲಿನ ಕೆರೆಗಳಲ್ಲಿ ಕಾಲು ತೊಳೆಯಬಹುದು. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಬಿಡದೆ ನೋಡಲು ಹೇಳುತ್ತೇನೆ. ಮೂರು ಮುಖ, ಆರು ಕೈ. ಪೀಠದ ಮೇಲೆ ಆಳುಪ ರಾಜ ಕುಂದವರ್ಮನ ಶಾಸನ ಇದೆ, ಕ್ರಿ.ಶ. 968ರದ್ದು. ಸಾವಿರ ವರ್ಷ ದಾಟಿದ ಕಂಚು ಇನ್ನೂ ಹಾಗೇ ಮಿನುಗುತ್ತದೆ.

ಎಂಟೂವರೆಗೆ ಎರಡೂ ಗುಂಪು ತಿಂಡಿಗೆ ಸೇರುತ್ತದೆ. ಬೆಣ್ಣೆ ದೋಸೆ ಊರಿನವರಿಗೆ ನೀರುದೋಸೆ ಮೊದಲ ತುತ್ತಿಗೆ ಸಪ್ಪೆ ಅನ್ನಿಸುತ್ತದೆ. ಅದಕ್ಕೆ ಬೆಣ್ಣೆ ಕೇಳಬೇಡಿ, ಕಾಯಿ-ಬೆಲ್ಲ ಕೇಳಿ. ಬನ್ಸ್ ಅಂದರೆ ಬೇಕರಿ ಬನ್ ಅಲ್ಲ, ಬಾಳೆಹಣ್ಣು ಕಲಸಿದ ಹಿಟ್ಟಿನ ಪೂರಿ. ಗೋಳಿಬಜೆ ಸಂಜೆಗೆ ಇಟ್ಟುಕೊಳ್ಳಿ. ನಮ್ಮ ಮಿರ್ಚಿ ಮಂಡಕ್ಕಿ ಮುಂದೆ ಅದು ನಿಲ್ಲುತ್ತದಾ ಅನ್ನೋ ವಾದ ಟಿಟಿಯಲ್ಲಿ ಇವತ್ತಿಗೂ ತೀರ್ಮಾನ ಆಗಿಲ್ಲ.

ಹತ್ತು ಗಂಟೆ ಮೇಲೆ ಸೂರಿನ ಕೆಳಗೆ. ಇದಕ್ಕೆ ಸಂತ ಅಲೋಶಿಯಸ್ ಚಾಪೆಲ್‌ಗಿಂತ ಒಳ್ಳೆ ಜಾಗ ಇಲ್ಲ. ಹೊರಗಿನಿಂದ ಸಾಮಾನ್ಯ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಮಾಳಿಗೆ ಎಲ್ಲೂ ಬರೀ ಜಾಗ ಬಿಟ್ಟಿಲ್ಲ, ಎಲ್ಲ ಚಿತ್ರ. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂತೋನಿಯೊ ಮೊಸ್ಕೇನಿ 1899ರಲ್ಲಿ ಶುರು ಮಾಡಿ ಎರಡು ವರ್ಷ ಚಿಲ್ಲರೆಯಲ್ಲಿ ಇಷ್ಟನ್ನೂ ಬಿಡಿಸಿದ. ಗೋಡೆ ಮೇಲಿನದು ಹಸಿ ಗಾರೆ ಮೇಲೆ ಬಿಡಿಸಿದ್ದು, ಮಾಳಿಗೆಯ ಚಿತ್ರಗಳು ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣದಲ್ಲಿ. ಹಸಿ ಗಾರೆ ಕೆಲಸ ಎಂದರೆ ಗಾರೆ ಆರುವಷ್ಟರಲ್ಲಿ ಆ ಭಾಗ ಮುಗಿಸಲೇಬೇಕು. ನಾಳೆ ತಿದ್ದುತ್ತೇನೆ ಅಂದರೆ ಆಗುವುದಿಲ್ಲ. ಇದನ್ನು ಒಳಗೆ ಹೋಗುವ ಮೊದಲೇ ಹೇಳಿದರೆ ಜನ ನಿಧಾನ ನೋಡುತ್ತಾರೆ. ಮೊಬೈಲು ಜೇಬಲ್ಲೇ ಇರಲಿ. ಬೆಂಚಿನ ಮೇಲೆ ಕೂತು ತಲೆ ಎತ್ತಿ ನೋಡಿ, ಕತ್ತು ನೋಯುವ ತನಕ.

ಮಕ್ಕಳು ಜಾಸ್ತಿ ಇದ್ದರೆ ಪಿಲಿಕುಳ. ಅಲ್ಲಿನ ಸ್ವಾಮಿ ವಿವೇಕಾನಂದ ತಾರಾಲಯದಲ್ಲಿ 3ಡಿ ಪ್ರದರ್ಶನ ಇದೆ, ಏಸಿ ಇದೆ. ಮಧ್ಯಾಹ್ನ ಕಳೆಯಲು ಇನ್ನೇನು ಬೇಕು? ಆದರೆ ಮೃಗಾಲಯವನ್ನು ಅದೇ ಮಧ್ಯಾಹ್ನಕ್ಕೆ ಸೇರಿಸಬೇಡಿ. ಹುಲಿ ಕೂಡ ಆ ಹೊತ್ತಿಗೆ ಮಲಗಿರುತ್ತದೆ.

ಊಟಕ್ಕೆ ಮೀನು ತಿನ್ನುವವರು ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ ಹೇಳಿ. ಬೆಳಿಗ್ಗೆ ದಕ್ಕೆ ನೋಡಿದವರಿಗೆ ತಟ್ಟೆಯಲ್ಲಿರುವುದರ ಹೆಸರು ಗೊತ್ತಿರುತ್ತದೆ, ಅದೇ ಒಂದು ಖುಷಿ. ಕುಚಲಕ್ಕಿ ಅನ್ನ ನಮಗೆ ಹೊಸದು, ಅರ್ಧ ತಟ್ಟೆ ಹಾಕಿಸಿಕೊಂಡು ನೋಡಿ. ಊಟದ ಮೇಲೆ ಗಡ್‌ಬಡ್. ಉದ್ದನೆ ಗ್ಲಾಸಿನಲ್ಲಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ ಪದರ ಪದರವಾಗಿ. ಒಬ್ಬರಿಗೊಂದು ಬೇಡ, ಇಬ್ಬರಿಗೊಂದು ಸಾಕು.

ನಾಲ್ಕು ಗಂಟೆಗೆ ಸುಲ್ತಾನ್ ಬತ್ತೇರಿ. ಚಿತ್ರದುರ್ಗದ ಕೋಟೆ ನೋಡಿದವರು ಇದನ್ನು ನೋಡಿ 'ಇಷ್ಟೇನಾ?' ಅಂತಾರೆ. ಹೌದು, ಇಷ್ಟೇ. ಇದು ಕೋಟೆಯಲ್ಲ, ಕಾವಲು ಬುರುಜು. ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಅದೇ ವರ್ಷ ಮಾರ್ಚಿನಲ್ಲಿ ಇಂಗ್ಲಿಷರ ಜೊತೆ ಮಂಗಳೂರು ಒಪ್ಪಂದ ಆಗಿತ್ತು. ಒಪ್ಪಂದ ಆದರೂ ಅವರ ಹಡಗುಗಳ ಮೇಲೆ ನಂಬಿಕೆ ಇರಲಿಲ್ಲ ಅನ್ನಿ. ಮೆಟ್ಟಿಲು ಹತ್ತಿ ತೂತುಗಳಿಂದ ಹೊರಗೆ ನೋಡಿದರೆ ಯಾಕೆ ಇಲ್ಲೇ ಕಟ್ಟಿದರು ಅನ್ನುವುದು ತಾನಾಗೇ ತಿಳಿಯುತ್ತದೆ. ಗುರುಪುರ ನದಿಯೊಳಗೆ ನುಗ್ಗುವ ಯಾವ ಹಡಗಾದರೂ ಈ ಕಣ್ಣಿಗೆ ಬೀಳಲೇಬೇಕು.

ಬತ್ತೇರಿ ಬುಡದಿಂದ ನದಿ ದಾಟಿದರೆ ತಣ್ಣೀರುಬಾವಿ. ದೋಣಿ ಇದ್ದರೆ ದೋಣಿಯಲ್ಲೇ ಹೋಗಿ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಬಹಳ ದೂರ. ನಮ್ಮ ಅಜ್ಜಿಗೆ ಸಮುದ್ರಕ್ಕಿಂತ ಈ ದೋಣಿಯೇ ದೊಡ್ಡ ವಿಷಯ. ಬೈಕು, ಮೀನಿನ ಬುಟ್ಟಿ, ಶಾಲೆ ಮಕ್ಕಳು, ನಾವು, ಎಲ್ಲ ಒಟ್ಟಿಗೆ. ಆ ಕಡೆ ಇಳಿದು ಸ್ವಲ್ಪ ನಡೆದರೆ ಗಾಳಿಮರದ ತೋಪು, ಆಚೆ ಸಮುದ್ರ. ಪಣಂಬೂರಿನಲ್ಲಿ ಒಂಟೆ, ಚಾಟ್ಸ್, ಗದ್ದಲ ಇದೆ. ಹಡಗುಗಳು ಸರದಿಗೆ ಕಾಯುತ್ತಾ ಸಾಲಾಗಿ ನಿಂತಿರುವುದೂ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಹುಡುಗರ ಗುಂಪಾದರೆ ಅಲ್ಲಿಗೆ, ವಯಸ್ಸಾದವರಿದ್ದರೆ ತಣ್ಣೀರುಬಾವಿಗೆ. ದಕ್ಷಿಣಕ್ಕೆ ಸೋಮೇಶ್ವರದ ಬಂಡೆಗಳ ಮೇಲಿಂದ ಸೂರ್ಯಾಸ್ತ ಚೆನ್ನ, ಆದರೆ ಅಲ್ಲಿ ನೀರಿಗೆ ಇಳಿಯಲು ನಾನು ಯಾರನ್ನೂ ಬಿಡುವುದಿಲ್ಲ. ಸೆಳೆತ ಜೋರು.

ಸೆಳೆತದ ಬಗ್ಗೆ ಬಸ್ಸಿನಲ್ಲೇ ಹೇಳಿಬಿಡುತ್ತೇನೆ. ನಾವು ಈಜು ಕಲಿತದ್ದು ಭದ್ರಾ ಕಾಲುವೆಯಲ್ಲೋ ಬಾವಿಯಲ್ಲೋ. ಆ ಧೈರ್ಯ ಇಲ್ಲಿ ನಡೆಯುವುದಿಲ್ಲ. ದಡಕ್ಕೆ ಬಂದ ನೀರು ವಾಪಸ್ ಹೋಗಲು ಒಂದು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಆ ದಾರಿ. ಅದರಲ್ಲಿ ಸಿಕ್ಕರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡದತ್ತ ತಿರುಗಬೇಕು. ನಮ್ಮ ಗುಂಪಿನ ನಿಯಮ ಇನ್ನೂ ಸುಲಭ: ಮೊಣಕಾಲು ಮುಳುಗಿದರೆ ಸಾಕು. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬರಬೇಕು.

ಯಾವ ತಿಂಗಳು ಅಂತ ಕೇಳಿದರೆ, ನವೆಂಬರಿನಿಂದ ಫೆಬ್ರುವರಿ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಹತ್ತಿರ ಎಲ್ಲಾದರೂ ಆಟ ಇದೆಯಾ ಅಂತ ಹೋಟೆಲಿನಲ್ಲಿ ವಿಚಾರಿಸಿ. ಜನಸಂದಣಿ ತಡೆಯುವ ಶಕ್ತಿ ಇದ್ದರೆ ಕುದ್ರೋಳಿ ಗೋಕರ್ಣನಾಥನ ದಸರಾಕ್ಕೂ ಹೋಗಬಹುದು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗುಡಿ ಅದು, ಆ ದಿನಗಳಲ್ಲಿ ಇಡೀ ರಸ್ತೆಗೆ ದೀಪ. ಜೂನ್, ಜುಲೈ ಮಾತ್ರ ಬೇಡ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ದಕ್ಕೆಯಲ್ಲಿ ಬೋಟುಗಳು ಸುಮ್ನೆ ನಿಂತಿರುತ್ತವೆ, ಮೀನಿನ ರೇಟು ಮುಗಿಲಿಗೆ. ಮಳೆಯಂತೂ ಕೇಳಬೇಡಿ. ನಮಗೆ ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಬಿದ್ದರೆ ಒಳ್ಳೆ ಮಳೆ. ಅಲ್ಲಿ ಮೂರೂವರೆ ಸಾವಿರ ದಾಟುತ್ತದೆ.

ಊರೊಳಗೆ ಓಡಾಡಲು ಟಿಟಿ ಬೇಡ. ಅದನ್ನು ರೂಮಿನ ಹತ್ತಿರ ಬಿಟ್ಟು ಸಿಟಿ ಬಸ್ ಹಿಡಿಯಿರಿ. ಏರು ತಗ್ಗು, ಸಣ್ಣ ರಸ್ತೆ, ಪಾರ್ಕಿಂಗಿಗೆ ಪರದಾಟ. ಸ್ಟೇಟ್ ಬ್ಯಾಂಕ್ ಅಂದರೆ ಸಿಟಿ ಬಸ್ ನಿಲ್ದಾಣ, ಅಲ್ಲಿಂದ ಎಲ್ಲ ಕಡೆಗೂ ಬಸ್ಸುಂಟು. ಕಂಡಕ್ಟರ್ 'ಬೇಗ ಹತ್ತಿ ಮಾರಾಯ್ರೆ' ಅಂದರೆ ಬೈದ ಹಾಗಲ್ಲ, ಅದು ಅವರ ಅಕ್ಕರೆ.

ವಾಪಸ್ ಹೊರಡುವ ದಿನ ಹಂಪನಕಟ್ಟೆ ಸುತ್ತ ಖರೀದಿ. ಕುಚಲಕ್ಕಿ, ಹಲಸಿನ ಹಪ್ಪಳ, ಮೀನು ತಿನ್ನುವವರಿಗೆ ಒಣಮೀನು. ಹಸಿ ಮೀನನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ಕಟ್ಟಿಕೊಡುತ್ತಾರೆ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಬೀಳದೆ ಮೇಲೆ ಬರಬೇಕು. ಅಂಥದ್ದನ್ನೇ ಆರಿಸಿ. ಒಣಮೀನನ್ನು ಮಾತ್ರ ಸೀಟಿನ ಕೆಳಗೆ ಇಡಬೇಡಿ. ಮೂರು ನಾಲ್ಕು ಪ್ಲಾಸ್ಟಿಕ್ ಸುತ್ತಿ ಟಿಟಿಯ ಮೇಲೆ ಕ್ಯಾರಿಯರಿಗೆ ಕಟ್ಟಿಸಿ. ಇಲ್ಲದಿದ್ದರೆ ದೊಡ್ಡಮ್ಮನ ಬಾಯಿಗೆ ಹೆಬ್ರಿ ತನಕ ಸಿಕ್ಕಿಕೊಳ್ಳುತ್ತೀರಿ. ಮಧ್ಯಾಹ್ನ ಎರಡಕ್ಕೆಲ್ಲ ಮಂಗಳೂರು ಬಿಟ್ಟರೆ ಹೊತ್ತು ಮುಳುಗುವ ಮುಂಚೆ ಆಗುಂಬೆ ಹತ್ತಬಹುದು. ಶಿವಮೊಗ್ಗದಲ್ಲಿ ಊಟ ಮುಗಿಸಿ ಹೊರಟರೆ ಹನ್ನೊಂದೂವರೆ ಒಳಗೆ ದಾವಣಗೆರೆ.