ನ್ಯೂಯಾರ್ಕ್‌ನಲ್ಲಿ ಒಳ್ಳೆ ಪಿಜ್ಜಾ ಹುಡುಕೋದು ಹೇಗೆ

ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದಿದ್ದೀರಿ, ಶನಿವಾರ ಮ್ಯಾನ್‌ಹಟನ್ ನೋಡೋಣ ಅಂತ ಹೊರಟಿದ್ದೀರಿ. ಅಥವಾ ಆಫೀಸ್ ಕೆಲಸಕ್ಕೆ ಬಂದು ಒಂದು ಸಂಜೆ ಬಿಡುವು ಸಿಕ್ಕಿದೆ. ಪಿಜ್ಜಾ ತಿನ್ನಲೇಬೇಕು ಅಲ್ವಾ? ಫೋನ್ ತೆಗೆದು "ಬೆಸ್ಟ್ ಪಿಜ್ಜಾ" ಅಂತ ಹುಡುಕಿದರೆ ನೀವು ನಿಂತ ಜಾಗದ ಸುತ್ತಮುತ್ತ ಇರೋ ಅಂಗಡಿಗಳೆಲ್ಲ ಬರುತ್ತವೆ, ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ ಸ್ಟಾರ್. ಅದರಿಂದ ಏನೂ ಗೊತ್ತಾಗಲ್ಲ. ಫೋನ್ ಜೇಬಿಗೆ ಹಾಕಿ.

ಮೊದಲು ಒಂದು ವಿಷಯ ತೀರ್ಮಾನ ಮಾಡಿ. ಸ್ಲೈಸ್ ಬೇಕೋ, ಇಡೀ ಪಿಜ್ಜಾ ಬೇಕೋ? ಈ ಊರಲ್ಲಿ ಇವೆರಡೂ ಬೇರೆ ಬೇರೆ ವ್ಯಾಪಾರ. ಸ್ಲೈಸ್ ಅಂಗಡಿಯಲ್ಲಿ ಸಾಮಾನ್ಯವಾಗಿ 18 ಇಂಚಿನ ಪಿಜ್ಜಾ ಮಾಡಿ ಎಂಟು ತುಂಡು ಮಾಡಿಟ್ಟಿರುತ್ತಾರೆ. ಕೌಂಟರ್‌ನಲ್ಲಿ ಹೇಳಿ, ಕಾಗದದ ತಟ್ಟೆಯಲ್ಲಿ ಇಸ್ಕೊಂಡು, ನಿಂತೇ ತಿಂದು ಹೋಗೋದು. ಇಡೀ ಪಿಜ್ಜಾಗೆ ಇಲ್ಲಿನವರು ಪೈ ಅನ್ನುತ್ತಾರೆ. ಅದಕ್ಕೆ ಹೆಸರಾದ ಜಾಗಗಳಲ್ಲಿ ಕೂತು ಕಾಯಬೇಕು, ಜೊತೆಗೆ ಇಬ್ಬರು ಮೂವರು ಇರಬೇಕು. ಒಬ್ಬರೇ ಇದ್ದರೆ ಯೋಚನೆಯೇ ಬೇಡ, ಸ್ಲೈಸ್.

ಸ್ಲೈಸ್ ಅಂಗಡಿ ಚೆನ್ನಾಗಿದೆಯಾ ಅನ್ನೋದನ್ನು ಒಳಗೆ ಹೋಗದೆಯೇ ಮುಕ್ಕಾಲು ಪಾಲು ಹೇಳಬಹುದು. ಹೊರಗೆ ಎರಡು ನಿಮಿಷ ನಿಂತು ಗಾಜಿನ ಹಿಂದೆ ಏನಿದೆ ನೋಡಿ. ನಾಲ್ಕೈದು ಬಗೆ ಮಾತ್ರ ಇದ್ದು, ಪ್ಲೇನ್ ಪೈ ಖಾಲಿಯಾಗುತ್ತಿದ್ದಂತೆ ಓವನ್‌ನಿಂದ ಇನ್ನೊಂದು ಬರುತ್ತಿದ್ದರೆ ಒಳಗೆ ಹೋಗಿ. ಇಪ್ಪತ್ತು ಬಗೆ ಸಾಲಾಗಿಟ್ಟು, ಒಂದರ ಮೇಲೆ ಬ್ರಾಕಲಿ ಗುಡ್ಡೆ, ಇನ್ನೊಂದರ ಮೇಲೆ ಪಾಸ್ತಾ ಸುರಿದಿದ್ದು, ಚೀಸ್ ಹೊಳಪು ಕಳೆದುಕೊಂಡು ರಬ್ಬರ್ ತರಹ ಆಗಿದ್ದರೆ ಮುಂದೆ ನಡೆಯಿರಿ. ಅಷ್ಟು ಬಗೆ ಇಟ್ಟರೆ ಅರ್ಧಕ್ಕರ್ಧ ಗಂಟೆಗಟ್ಟಲೆ ಅಲ್ಲೇ ಒಣಗುತ್ತವೆ. ಟೈಮ್ಸ್ ಸ್ಕ್ವೇರ್ ಅಕ್ಕಪಕ್ಕ ಇಂಥವು ಜಾಸ್ತಿ.

ಒಳಗೆ ಹೋದ ಮೇಲೆ ಪ್ಲೇನ್ ಸ್ಲೈಸ್ ಮಾತ್ರ ಕೇಳಿ. ಟೊಮೆಟೊ ಸಾಸ್, ಮೊಜರೆಲ್ಲಾ, ಅಷ್ಟೇ. ಹೊಸ ಹೋಟೆಲ್‌ಗೆ ಹೋದಾಗ ಮೊದಲು ಇಡ್ಲಿ ತರಿಸಿ ನೋಡ್ತೀವಲ್ಲ, ಹಾಗೆ. ಮುಚ್ಚಿಕೊಳ್ಳೋದಕ್ಕೆ ಏನೂ ಇರಲ್ಲ. ಅಂಗಡಿಯವನು ಸ್ಲೈಸನ್ನು ಮತ್ತೆ ಓವನ್‌ಗೆ ತಳ್ಳುತ್ತಾನೆ, ಒಂದೆರಡು ನಿಮಿಷ ಬಿಟ್ಟು ತೆಗೆಯುತ್ತಾನೆ. ತಂಗಳು ಕೊಟ್ಟ ಅಂತ ಬೇಜಾರಾಗಬೇಡಿ. ಇಲ್ಲಿನ ಪದ್ಧತಿಯೇ ಹಾಗೆ, ಆ ಎರಡನೇ ಬಿಸಿಗೆ ತಳ ಇನ್ನೂ ಗರಿಗರಿ ಆಗುತ್ತದೆ.

ಕೈಗೆ ಬಂದ ತಕ್ಷಣ ಬಾಯಿಗಿಡಬೇಡಿ. ಅಂಚು ಎತ್ತಿ ತಳ ನೋಡಿ. ಕಂದು ಬಣ್ಣ, ಅಲ್ಲಲ್ಲಿ ಕಪ್ಪು ಚುಕ್ಕೆ ಇರಬೇಕು. ಬೆಳ್ಳಗೆ ಮೈದಾ ಬಣ್ಣದಲ್ಲೇ ಇದ್ದರೆ ಓವನ್ ಕಾದಿಲ್ಲ. ಆಮೇಲೆ ಉದ್ದಕ್ಕೆ ಮಡಚಿ. ಒಳ್ಳೆಯದಾದರೆ ಮಡಚುವಾಗ ಹೊರಪದರ ಸಣ್ಣಗೆ ಚಟ್ ಅಂತ ಬಿರಿಯುತ್ತದೆ, ಆದರೆ ಹರಿಯಲ್ಲ, ತುದಿಯೂ ಜೋತು ಬೀಳಲ್ಲ. ತುದಿ ಕೆಳಗೆ ಬಾಗಿ ಚೀಸ್ ಜಾರಿದರೆ ಹಿಟ್ಟು ಬೆಂದಿಲ್ಲ, ಇಲ್ಲವೇ ಸಾಸ್ ಜಾಸ್ತಿ ಆಗಿದೆ. ಮಡಚಿದಾಗ ಸ್ವಲ್ಪ ಎಣ್ಣೆ ಹಿಂದಿನಿಂದ ತಟ್ಟೆಗೆ ಇಳಿಯೋದು ಮಾಮೂಲು. ಕೊನೆಯ ದಪ್ಪ ಅಂಚನ್ನು ಒಂದು ಸಲ ಬರಿದೇ ತಿಂದು ನೋಡಿ. ಅದಕ್ಕೆ ಉಪ್ಪು, ರುಚಿ ಇದ್ದರೆ ಹಿಟ್ಟು ಚೆನ್ನಾಗಿ ಹುದುಗಿದೆ ಅಂತ. ಚಿಲ್ಲಿ ಫ್ಲೇಕ್ಸ್, ಬೆಳ್ಳುಳ್ಳಿ ಪುಡಿ ಕೌಂಟರ್ ಮೇಲೇ ಇರುತ್ತವೆ, ದುಡ್ಡು ಕೊಡಬೇಕಿಲ್ಲ. ಮೊದಲ ತುತ್ತಿಗೇ ಸುರಿಯಬೇಡಿ, ಅಷ್ಟೇ.

ಪ್ಲೇನ್ ಸ್ಲೈಸ್‌ಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ಡಾಲರ್. ಸ್ಲೈಸ್ ಬೆಲೆ ಮತ್ತು ಸಬ್‌ವೇ ಟಿಕೆಟ್ ಬೆಲೆ ಜೊತೆಜೊತೆಗೇ ಏರುತ್ತವೆ ಅಂತ 1980ರಲ್ಲೇ ಒಬ್ಬರು ಗಮನಿಸಿ ಹೇಳಿದ್ದರು, ಊರಿನವರು ಇವತ್ತಿಗೂ ಆ ಲೆಕ್ಕ ಹಾಕುತ್ತಾರೆ. ಹಿಂದೆ ಒಂದು ಡಾಲರ್‌ಗೆ ಸ್ಲೈಸ್ ಕೊಡುತ್ತಿದ್ದ ಅಂಗಡಿಗಳಲ್ಲಿ ಈಗ ಹೆಚ್ಚಿನವು ಒಂದೂವರೆ ಮಾಡಿಕೊಂಡಿವೆ. ರಾತ್ರಿ ಹನ್ನೆರಡಕ್ಕೆ ಹಸಿವಾದರೆ ಸರಿ, ಹುಡುಕಿಕೊಂಡು ಹೋಗೋ ಜಾಗ ಅಲ್ಲ.

ಬೋರ್ಡ್ ನೋಡಿ ಮೋಸ ಹೋಗಬೇಡಿ. ರೇಸ್ (Ray's) ಅನ್ನೋ ಹೆಸರಿನ ಕಥೆ ಕೇಳಿ. 1959ರಲ್ಲಿ ಪ್ರಿನ್ಸ್ ಸ್ಟ್ರೀಟ್‌ನಲ್ಲಿ ಒಂದು ರೇಸ್ ಶುರುವಾಯಿತು. ಆಮೇಲೆ ಊರತುಂಬ ಒರಿಜಿನಲ್ ರೇಸ್, ಫೇಮಸ್ ರೇಸ್ ಅಂತ ಒಂದಕ್ಕೊಂದು ಸಂಬಂಧವೇ ಇಲ್ಲದ ಅಂಗಡಿಗಳು ತಲೆ ಎತ್ತಿದವು. ಮೊದಲನೆಯದೇ 2011ರಲ್ಲಿ ಮುಚ್ಚಿತು! ಬಾಗಿಲಲ್ಲಿ ಅಂಟಿಸಿರೋ ದೊಡ್ಡ ಎ ಅಕ್ಷರವೂ ರುಚಿಯದ್ದಲ್ಲ. ಅದು ನಗರದ ಆರೋಗ್ಯ ಇಲಾಖೆ 2010ರಿಂದ ಕೊಡುತ್ತಿರೋ ಸ್ವಚ್ಛತೆಯ ಗ್ರೇಡ್.

ಇನ್ನು ಇಡೀ ಪೈ. ಇದರಲ್ಲಿ ನೋಡಲೇಬೇಕಾದ್ದು ಕಲ್ಲಿದ್ದಲಿನ ಓವನ್. ಸ್ಪ್ರಿಂಗ್ ಸ್ಟ್ರೀಟ್‌ನ ಲೊಂಬಾರ್ಡೀಸ್ 1905ರ ಹೆಸರು, ನಡುವೆ ಹತ್ತು ವರ್ಷ ಮುಚ್ಚಿ 1994ರಲ್ಲಿ ಹತ್ತಿರದಲ್ಲೇ ಮತ್ತೆ ತೆರೆಯಿತು. ಬ್ಲೀಕರ್ ಸ್ಟ್ರೀಟ್‌ನ ಜಾನ್ಸ್ 1929ರದ್ದು. ಸ್ಲೈಸ್ ಕೊಡಲ್ಲ ಅಂತ ಹೊರಗೇ ಬರೆದು ಹಾಕಿದ್ದಾರೆ, ಹೋಗಿ ಬೇಡಿಕೊಳ್ಳಬೇಡಿ. ಕಲ್ಲಿದ್ದಲಿನ ಶಾಖಕ್ಕೆ ಹಿಟ್ಟು ಕೆಲವೇ ನಿಮಿಷದಲ್ಲಿ ಬೇಯುತ್ತದೆ, ಅಂಚು ಅಲ್ಲಲ್ಲಿ ಕಪ್ಪಾಗುತ್ತದೆ. ಸೀದುಹೋಗಿದೆ ಅಂತ ವಾಪಸ್ ಕಳಿಸೋರನ್ನು ನೋಡಿದ್ದೀನಿ, ಪಾಪ, ರುಚಿಯೆಲ್ಲ ಅಲ್ಲೇ ಇರೋದು. ಕಲ್ಲಿದ್ದಲಿನ ಪಿಜ್ಜಾ ಬೇಕು ಆದರೆ ಒಬ್ಬರೇ ಇದ್ದೀರಿ ಅಂದರೆ ಈಸ್ಟ್ ಹಾರ್ಲೆಮ್‌ನ ಪ್ಯಾಟ್ಸೀಸ್‌ಗೆ ಹೋಗಿ. 1933ರಿಂದ ಇದೆ, ಸ್ಲೈಸ್ ಕೂಡ ಸಿಗುತ್ತದೆ. ನನಗೆ ಕೇಳಿದರೆ ಪ್ರವಾಸಿಗಳು ಬಿಟ್ಟುಬಿಡೋ ಒಳ್ಳೆ ಜಾಗ ಇದೇ.

ಬ್ರೂಕ್ಲಿನ್ ಸೇತುವೆ ದಾಟಿದರೆ ಕೆಳಗೆ ಅಕ್ಕಪಕ್ಕ ಎರಡು ಕ್ಯೂ ಕಾಣುತ್ತವೆ, ಗ್ರಿಮಾಲ್ಡೀಸ್ ಮತ್ತು ಜೂಲಿಯಾನಾಸ್. ಪ್ಯಾಟ್ಸಿ ಗ್ರಿಮಾಲ್ಡಿ ತಮ್ಮ ಅಂಗಡಿಯನ್ನು ಹೆಸರಿನ ಸಮೇತ ಮಾರಿ ನಿವೃತ್ತರಾಗಿದ್ದರು. ಕೊಂಡವರು ಆಮೇಲೆ ಪಕ್ಕದ ಕಟ್ಟಡಕ್ಕೆ ಹೋದರು. ಖಾಲಿಯಾದ ಹಳೇ ಜಾಗದಲ್ಲೇ 2012ರಲ್ಲಿ ಪ್ಯಾಟ್ಸಿ ತಮ್ಮ ತಾಯಿಯ ಹೆಸರಲ್ಲಿ ಜೂಲಿಯಾನಾಸ್ ತೆರೆದರು. ಹಾಗಾಗಿ ಒಂದು ಕಡೆ ಹಳೇ ಹೆಸರು, ಇನ್ನೊಂದು ಕಡೆ ಹಳೇ ಓವನ್. ನಾನಾದರೆ ಓವನ್ ಕಡೆಯ ಕ್ಯೂ.

ಬ್ರೂಕ್ಲಿನ್‌ನಲ್ಲಿ ಇನ್ನೂ ಒಳಗೆ ಹೋಗಲು ಅರ್ಧ ದಿನ ಇದ್ದರೆ ಎಲ್ ಆಂಡ್ ಬಿ ಸ್ಪುಮೋನಿ ಗಾರ್ಡನ್ಸ್ ಇದೆ. ಅಲ್ಲಿನ ಚೌಕದ ಸ್ಲೈಸ್‌ನಲ್ಲಿ ಚೀಸ್ ಕೆಳಗೆ, ಸಾಸ್ ಮೇಲೆ. ಲುಕಾಲಿ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಮಧ್ಯಾಹ್ನವೇ ಹೋಗಿ ಕ್ಯೂ ನಿಂತು ಹೆಸರು ಬರೆಸಿ ರಾತ್ರಿ ಊಟಕ್ಕೆ ಬರಬೇಕು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೇಡವೇ ಬೇಡ.

ಸಸ್ಯಾಹಾರಿಗಳು ಸ್ವಲ್ಪ ಕೇಳಿ. ಪೆಪ್ಪರೋನಿ ಮಾಂಸ. ಅದನ್ನು ಕತ್ತರಿಸಿದ ಚಕ್ರದಲ್ಲೇ ನಿಮ್ಮದನ್ನೂ ಕತ್ತರಿಸುತ್ತಾರೆ. ಬೇಡ ಅನಿಸಿದರೆ ಬೇರೆ ಕಟರ್ ಕೇಳಿ, ಜನ ಕಡಿಮೆ ಇದ್ದಾಗ ಕೇಳೋದು ವಾಸಿ. ಮೇಲೆ ಉದುರಿಸೋ ಪೆಕೊರಿನೊ ರೊಮಾನೊ ಚೀಸ್ ಮಾಡಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಹಾಲು ಗಟ್ಟಿ ಮಾಡೋ ವಸ್ತು ಬಳಸುತ್ತಾರೆ. ಅದಾಗಲ್ಲ ಅನ್ನೋರು "ತುರಿದ ಚೀಸ್ ಬೇಡ" ಅಂತ ಮೊದಲೇ ಹೇಳಿ. ಮೊಜರೆಲ್ಲಾಗೆ ಯಾವ ರೆನೆಟ್ ಅಂತಲೂ ಕೇಳಬಹುದು, ಕೌಂಟರ್‌ನವರಿಗೆ ಗೊತ್ತಿರುತ್ತೆ ಅನ್ನೋ ನಂಬಿಕೆ ಇಟ್ಟುಕೊಳ್ಳಬೇಡಿ. ಮರಿನಾರಾ ಪಿಜ್ಜಾ ಸಿಕ್ಕರೆ ಸಾಮಾನ್ಯವಾಗಿ ಅದರಲ್ಲಿ ಚೀಸೇ ಇರಲ್ಲ. ಆಂಚೊವಿ ಮೀನು ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ.

ಜರ್ಸಿ ಸಿಟಿ ಕಡೆಯಿಂದ ಬರೋರಿಗೆ ಸುಲಭದ ದಾರಿ ಇದು. ಜರ್ನಲ್ ಸ್ಕ್ವೇರ್‌ನಲ್ಲಿ 33ನೇ ಸ್ಟ್ರೀಟ್ ಕಡೆಯ ಪಾತ್ ರೈಲು ಹತ್ತಿ 9ನೇ ಸ್ಟ್ರೀಟ್‌ನಲ್ಲಿ ಇಳಿಯಿರಿ. ಸಿಕ್ಸ್ತ್ ಅವೆನ್ಯೂ ಹಿಡಿದು ದಕ್ಷಿಣಕ್ಕೆ ನಡೆದರೆ ಕಾರ್ಮೈನ್ ಸ್ಟ್ರೀಟ್‌ನಲ್ಲಿ 1975ರ ಜೋಸ್ ಪಿಜ್ಜಾ, ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಜಾನ್ಸ್. ಜೋಸ್‌ನಲ್ಲಿ ಒಂದು ಪ್ಲೇನ್ ಸ್ಲೈಸ್ ಹಂಚಿಕೊಂಡು ತಿನ್ನಿ, ವಾಷಿಂಗ್ಟನ್ ಸ್ಕ್ವೇರ್ ಪಾರ್ಕ್ ಸುತ್ತಿ ಬನ್ನಿ, ಆಮೇಲೆ ಜಾನ್ಸ್‌ನಲ್ಲಿ ಒಂದು ಸಣ್ಣ ಪೈ. ಗ್ಯಾಸ್ ಓವನ್ನಿಗೂ ಕಲ್ಲಿದ್ದಲಿಗೂ ಏನು ವ್ಯತ್ಯಾಸ ಅಂತ ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ. ಹನ್ನೆರಡರಿಂದ ಎರಡರವರೆಗಿನ ರಶ್ ತಪ್ಪಿಸಿ ಮೂರರ ಸುಮಾರಿಗೆ ಹೋಗಿ, ಜೇಬಲ್ಲಿ ನಲವತ್ತು ಐವತ್ತು ಡಾಲರ್ ಕ್ಯಾಶ್ ಇರಲಿ.