ಹೋಮ್‌ಸ್ಕೂಲ್ ಬಿಲ್ ಬಂದರೆ ಏನು ಮಾಡಬೇಕು: ಇಲಿನಾಯ್‌ನಲ್ಲಿ ನಾನು ಕಲಿತದ್ದು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವ, ಅಂದರೆ ಹೋಮ್‌ಸ್ಕೂಲ್ ಮಾಡುವ, ನಮ್ಮ ವಾಟ್ಸಾಪ್ ಗುಂಪಿಗೆ 2025ರ ಫೆಬ್ರವರಿಯಲ್ಲಿ ಒಂದು ಮೆಸೇಜ್ ಬಂತು. 'ಇನ್ಮೇಲೆ ಆಫೀಸರ್‌ಗಳು ಮನೆಯೊಳಗೇ ಬಂದು ಮಕ್ಕಳಿಗೆ ಪರೀಕ್ಷೆ ಮಾಡ್ತಾರಂತೆ, ಎಲ್ಲರಿಗೂ ಕಳಿಸಿ.' ಹಿಂದೆ ಮುಂದೆ ನೋಡದೆ ನಾನೂ ಕಳಿಸಿದೆ. ಮರುದಿನ ನಮ್ಮ ಶಾಸಕರ ಆಫೀಸಿಗೆ ಫೋನ್ ಮಾಡಿ ಅದನ್ನೇ ಒದರಿದೆ. ಫೋನ್ ಎತ್ತಿದ ಹುಡುಗಿ ಮರ್ಯಾದೆಯಿಂದಲೇ ಕೇಳಿದಳು: 'ಅದು ಬಿಲ್‌ನ ಯಾವ ಪುಟದಲ್ಲಿದೆ, ಮೇಡಂ?' ಬಾಯಿ ಕಟ್ಟಿಹೋಯಿತು. ನಾನು ಬಿಲ್, ಅಂದರೆ ಆ ಕಾನೂನಿನ ಮಸೂದೆ, ಓದೇ ಇರಲಿಲ್ಲ.

ಹಾಗಾಗಿ ಮೊದಲು ಓದಿ. ಆಗ ಬಂದಿದ್ದದ್ದು ಎಚ್‌ಬಿ 2827, ಅಂದರೆ ರಾಜ್ಯ ಶಾಸನಸಭೆಯ ಕೆಳಮನೆ ಹೌಸ್‌ನ ಬಿಲ್. ತಂದವರು ಶಾಸಕಿ ಟೆರಾ ಕೋಸ್ಟಾ ಹೊವಾರ್ಡ್. ರಾಜ್ಯ ಶಾಸನಸಭೆಯ ವೆಬ್‌ಸೈಟ್‌ನಲ್ಲಿ ಸಂಖ್ಯೆ ಹಾಕಿದರೆ ಪೂರ್ತಿ ಪಠ್ಯ ಸಿಗುತ್ತದೆ. ಪ್ರತಿ ಸಾಲಿಗೂ ಅಂಕೆ ಇರುತ್ತದೆ. ಈಗಿರುವ ಕಾನೂನಿಗೆ ಹೊಸದಾಗಿ ಸೇರಿಸುವ ಮಾತಿಗೆ ಅಡಿಗೆರೆ ಹಾಕಿರುತ್ತಾರೆ. ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತೆ. ಮನೆಗೆ ಬಂದು ಪರೀಕ್ಷೆ ಮಾಡುವ ಮಾತು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದೇ ಬೇರೆ: ಮಗುವಿನ ವಿವರ ಬರೆದು ಫಾರಂ ಕೊಡಬೇಕು, ಕಲಿಸುವವರು ಹೈಸ್ಕೂಲ್ ಅಥವಾ ಅದಕ್ಕೆ ಸಮನಾದದ್ದು ಪಾಸಾಗಿರಬೇಕು, ಕೇಳಿದರೆ ಮಗುವಿನ ಕೆಲಸದ ಕಡತ ತೋರಿಸಬೇಕು. ಫಾರಂ ಕೊಡದಿದ್ದರೆ ಮಗು ಶಾಲೆ ತಪ್ಪಿಸಿಕೊಂಡ ಮಗು ಅಂತ ಲೆಕ್ಕ.

ನನಗೆ ಚುಚ್ಚಿದ್ದು ಈ ಕೊನೆಯದು. ಫಾರಂ ಮರೆತಿದ್ದಕ್ಕೂ ಮಗುವಿಗೆ ಏನೂ ಕಲಿಸದೇ ಇದ್ದದ್ದಕ್ಕೂ ಒಂದೇ ಹೆಸರಾ? ನನ್ನ ಪತ್ರದ ತುಂಬಾ ಅದೊಂದೇ ಮಾತು. ಹತ್ತು ದೂರು ಬರೆದರೆ ಯಾವುದೂ ನೆನಪಲ್ಲಿ ಉಳಿಯಲ್ಲ.

ಈಗ ಏನಿದೆ ಅನ್ನುವುದೂ ಗೊತ್ತಿರಲಿ. ಇಲಿನಾಯ್‌ನಲ್ಲಿ ಹೋಮ್‌ಸ್ಕೂಲನ್ನು ಖಾಸಗಿ ಶಾಲೆ ಅಂತಲೇ ನೋಡುತ್ತಾರೆ. 1950ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಲೆವಿಸನ್ ಕೇಸಿನಲ್ಲಿ ಕೊಟ್ಟ ತೀರ್ಪು ಅದು. ಮೂರನೇ ತರಗತಿ ಹುಡುಗಿಯನ್ನು ಮನೆಯಲ್ಲೇ ಓದಿಸಿದ ಒಂದು ಕುಟುಂಬದ ಕಥೆ. ಗಣಿತ, ವಿಜ್ಞಾನ, ಸಮಾಜ ಎಲ್ಲ ಕಲಿಸಬೇಕು, ಅದೂ ಇಂಗ್ಲಿಷಿನಲ್ಲಿ. ಕನ್ನಡ ಅದರ ಮೇಲೆ ನಮ್ಮ ಖುಷಿಗೆ. ನನ್ನ ಮಗ ದಿನಾ ಸಂಜೆ ಶಿವಮೊಗ್ಗದ ಅಜ್ಜಿ ಜೊತೆ ವಿಡಿಯೋದಲ್ಲಿ ಒತ್ತಕ್ಷರ ತಿದ್ದುತ್ತಾನೆ.

ಇನ್ನು ವಿಟ್ನೆಸ್ ಸ್ಲಿಪ್. ನಮ್ಮವರಲ್ಲಿ ಜಾಸ್ತಿ ಜನಕ್ಕೆ ಇದು ಗೊತ್ತೇ ಇಲ್ಲ. ಬಿಲ್ ಅದನ್ನು ಪರಿಶೀಲಿಸುವ ಶಾಸಕರ ಕಮಿಟಿ ಮುಂದೆ ಬರುವ ಮೊದಲು ಅದೇ ವೆಬ್‌ಸೈಟ್‌ನಲ್ಲಿ ಪರ, ವಿರೋಧ ಅಥವಾ ಯಾವುದೂ ಇಲ್ಲ ಅಂತ ದಾಖಲಿಸಬಹುದು. ಐದು ನಿಮಿಷದ ಕೆಲಸ. ಸಂಸ್ಥೆ ಯಾವುದು ಅಂತ ಕೇಳಿದ ಜಾಗದಲ್ಲಿ 'ಸೆಲ್ಫ್' ಅಂತ ಹಾಕಿ. ಮಾತಾಡಲು ಇಷ್ಟವಿಲ್ಲದಿದ್ದರೆ ಹಾಜರಿ ಮಾತ್ರ ಅನ್ನುವುದಕ್ಕೆ ಗುರುತು ಹಾಕಿ. ಎರಡು ಎಚ್ಚರಿಕೆ. ನಿಮ್ಮ ಹೆಸರು ಅಲ್ಲಿ ಎಲ್ಲರಿಗೂ ಕಾಣುತ್ತದೆ. ಮತ್ತೆ, ಬಿಲ್‌ಗೆ ತಿದ್ದುಪಡಿ ಬಂದರೆ ಅದಕ್ಕೆ ಬೇರೆಯೇ ಸ್ಲಿಪ್ ಹಾಕಬೇಕು. ಒಂದು ಸಲ ಹಾಕಿ ಕಾಲು ಚಾಚಿ ಕೂತರೆ ಆಗಲ್ಲ.

'ನಮಗೆ ಓಟೇ ಇಲ್ಲ, ಎಚ್-1ಬಿ ವೀಸಾದಲ್ಲಿ ಇದ್ದೀವಿ' ಅಂತ ಒಬ್ಬ ಗೆಳತಿ ಹಿಂಜರಿದಳು. ಸ್ಲಿಪ್ ಹಾಕಲು, ಶಾಸಕರಿಗೆ ಬರೆಯಲು ಓಟು ಬೇಕಿಲ್ಲ. ಆದರೆ ಪೌರತ್ವವೂ ಗ್ರೀನ್ ಕಾರ್ಡೂ ಇಲ್ಲದವರು ಯಾರ ಚುನಾವಣೆಗೂ ದುಡ್ಡು ಕೊಡಬಾರದು, ಅದು ಕಾನೂನಿಗೆ ವಿರುದ್ಧ. ಗುಂಪಿನಲ್ಲಿ ಯಾರಾದರೂ ದೇಣಿಗೆ ಲಿಂಕ್ ಹಾಕಿದರೆ ಒತ್ತುವ ಮೊದಲು ಯಾರಿಗೆ ಹೋಗುತ್ತದೆ ಅಂತ ನೋಡಿ.

ಶಾಸಕರನ್ನು ಭೇಟಿ ಮಾಡುವಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ಆದರೆ ಭಾಷಣ ಬಾಯಿಪಾಠ ಮಾಡಿಸಬೇಡಿ. ನನ್ನ ಮಗ ತಾನು ಮಾಡಿದ ಚಿಟ್ಟೆಯ ನೋಟ್‌ಬುಕ್ ಒಯ್ದಿದ್ದ. ಒಳಗೆ ಒಂದು ಹಾಳೆಯ ಮೇಲೆ ಸಾರಿನ ಕಲೆ. ಶಾಸಕರ ಸಹಾಯಕರು ನನ್ನ ಎರಡು ಪುಟದ ಟಿಪ್ಪಣಿ ಪಕ್ಕಕ್ಕಿಟ್ಟು ಆ ಪುಸ್ತಕವನ್ನೇ ತಿರುವಿದರು.

ಒಂದು ಪ್ರಶ್ನೆ ಖಂಡಿತ ಬರುತ್ತದೆ: 'ಮನೆಯಲ್ಲಿ ಹಿಂಸೆ ಪಡುವ ಮಕ್ಕಳ ಗತಿ ಏನು?' ಇದಕ್ಕೆ ಸಿಟ್ಟಾಗಬೇಡಿ. 2024ರಲ್ಲಿ ಪ್ರೊಪಬ್ಲಿಕಾ ಮತ್ತು ಕ್ಯಾಪಿಟಲ್ ನ್ಯೂಸ್ ಇಲಿನಾಯ್ ಅನ್ನುವ ಸುದ್ದಿಸಂಸ್ಥೆಗಳು ಮಾಡಿದ ತನಿಖಾ ವರದಿ ಓದಿ. ಹೋಮ್‌ಸ್ಕೂಲ್ ಅಂತ ಹೇಳಿಕೊಂಡು ಮಗುವನ್ನು ಕಡೆಗಣಿಸಿದ ಮನೆಯ ವಿಷಯ ಅದರಲ್ಲಿದೆ. ನನಗೆ ಓದಿ ಎರಡು ದಿನ ಊಟ ಸೇರಲಿಲ್ಲ. ನಮ್ಮ ಕಡೆಯವರಲ್ಲಿ ಕೆಲವರು 'ಅದೆಲ್ಲ ಸುಳ್ಳು' ಅಂದರು. ಅದು ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಅಂಥ ಮಗುವನ್ನು ಈ ಫಾರಂ ಹೇಗೆ ಕಾಪಾಡುತ್ತದೆ ಅಂತ ಕೇಳಿ. ಕೇಳಬೇಕಾದ ಪ್ರಶ್ನೆ ಅದು.

ಮಾರ್ಚ್ 19ರಂದು ಕಮಿಟಿ ಸಭೆ. ಬೆಳಿಗ್ಗೆ ಕತ್ತಲಲ್ಲೇ ನೇಪರ್ವಿಲ್ ಬಿಟ್ಟು ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್ ಸೇರಿದೆವು. ಸಾವಿರಾರು ಜನ. ಸ್ಟ್ರಾಲರ್‌ಗಳು, ಅಳುವ ಕೂಸುಗಳು. ಜಾಸ್ತಿ ಜನ ಚರ್ಚಿನ ಕಡೆಯವರು. ಶಾಸಕರಿಗೆ ಚೆರಿ ಪೈ ಹಂಚುವ ಹಳೇ ಪದ್ಧತಿಯೂ ಅವರಲ್ಲಿದೆ. ನಡುವೆ ಬೊಟ್ಟು ಇಟ್ಟ ನಾನು. ಯಾರೂ ಏನೂ ಕೇಳಲಿಲ್ಲ, ಒಬ್ಬರು ಮಗನಿಗೆ ಬಿಸ್ಕತ್ತು ಕೊಟ್ಟರು. ಹೀಗೆ ಹೋಗುವವರು ನೀರು, ಡಬ್ಬಿ ಊಟ, ಫೋನ್ ಚಾರ್ಜರ್ ಮರೆಯಬೇಡಿ. ಒಳಗೆ ಜಾಗ ಸಿಗುವುದು ಕಷ್ಟ. ನಮಗಂತೂ ಸಿಗಲಿಲ್ಲ.

ಸೋತೆವು. 8-4 ಮತಗಳಿಂದ ಬಿಲ್ ಕಮಿಟಿ ದಾಟಿತು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆದರೆ ಹೌಸ್‌ನಲ್ಲಿ 118 ಜನ ಇದ್ದಾರೆ, ಪಾಸಾಗಲು 60 ಬೇಕು. ಕಮಿಟಿಯಲ್ಲಿ ಸೋತ ಮೇಲೆ ಎಲ್ಲರಿಗೂ ಫೋನ್ ಮಾಡುವುದು ಬಿಟ್ಟು ನಿಮ್ಮದೇ ಶಾಸಕರನ್ನು ಹಿಡಿಯಿರಿ. ನಾವು ಆರು ಮನೆಯವರು ವಾರಕ್ಕೊಬ್ಬರಂತೆ ಪತ್ರ ಬರೆದೆವು. ಒಂದೊಂದರಲ್ಲೂ ಬೇರೆ ಸಾಲಿನ ಪ್ರಶ್ನೆ.

ಆ ವಸಂತದಲ್ಲಿ ಬಿಲ್ ಹೌಸ್‌ನಲ್ಲಿ ಮತಕ್ಕೆ ಬರಲೇ ಇಲ್ಲ. ಗುಂಪಿನಲ್ಲಿ ಪಟಾಕಿ ಎಮೋಜಿಗಳ ಸುರಿಮಳೆ. ನಾನು ಹಾಕಲಿಲ್ಲ. ಒಂದು ಶಾಸನಸಭೆಯ ಅವಧಿ ಎರಡು ವರ್ಷ. ಇದರದ್ದು 2027ರ ಜನವರಿವರೆಗೂ ಇದೆ, ಅಲ್ಲಿಯವರೆಗೆ ಬಿಲ್ಲನ್ನು ಮತ್ತೆ ಎತ್ತಿಕೊಳ್ಳಬಹುದು. ಸೋಮವಾರ ಬೆಳಿಗ್ಗೆ ಕಾಫಿ ಹಿಡಿದು 2827 ಅಂತ ಟೈಪ್ ಮಾಡುತ್ತೇನೆ. ಬಿಲ್ ಎಲ್ಲಿಗೆ ಬಂತು ಅಂತ ತೋರಿಸುವ ಪಟ್ಟಿಯ ಕೊನೆಯ ಸಾಲು ಬದಲಾಗಿದೆಯಾ ಅಂತ ನೋಡುತ್ತೇನೆ. ಆಮೇಲೆ ಮಗನ ಗಣಿತ.