ಕುಳಿತು ತಿನ್ನುವುದೋ, ಪಾರ್ಸೆಲ್ ಕಟ್ಟಿಸುವುದೋ?

ಕಳೆದ ಭಾನುವಾರ ನಮ್ಮ ಪಕ್ಕದ ಮನೆಯವರು ಬೆಂಗಳೂರಿನ ಗಾಂಧಿ ಬಜಾರಿನಿಂದ ಆರು ಮಸಾಲೆ ದೋಸೆ ಕಟ್ಟಿಸಿಕೊಂಡು ಉತ್ತರಹಳ್ಳಿಗೆ ಬಂದರು. ಮುಕ್ಕಾಲು ಗಂಟೆ ಸರದಿ, ಮುಕ್ಕಾಲು ಗಂಟೆ ದಾರಿ. ಪೊಟ್ಟಣ ಬಿಚ್ಚಿದಾಗ ಆರೂ ದೋಸೆಗಳು ಒಂದಕ್ಕೊಂದು ಅಂಟಿಕೊಂಡು, ಪಲ್ಯದ ಪಸೆ ಹೀರಿ, ಒದ್ದೆ ಬಟ್ಟೆಯಂತಾಗಿದ್ದವು. ಆಸೆಯಿಂದ ಕಾದಿದ್ದ ಅಜ್ಜಿ ಒಂದು ತುತ್ತು ಮುರಿದು ತಟ್ಟೆ ಸರಿಸಿದರು. ದೋಸೆ ಹಾಕಿದವರ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಮೊದಲ ಹೆಜ್ಜೆ, ತಿಂಡಿಯನ್ನು ನೋಡಿ ನಿರ್ಧರಿಸಿ. ನಿಮ್ಮ ಅನುಕೂಲ ಆಮೇಲಿನ ಮಾತು. ಕಾವಲಿಯ ಮೇಲೆ ಹೊರಪದರದ ನೀರು ಆರಿದ್ದಕ್ಕೇ ದೋಸೆ ಗರಿಗರಿಯಾಗಿರುತ್ತದೆ. ಮುಚ್ಚಿಟ್ಟರೆ ಅದರದೇ ಹಬೆ ಮತ್ತೆ ಅದಕ್ಕೇ ಇಳಿಯುತ್ತದೆ. ಹಾಗಾಗಿ ಮಸಾಲೆ ದೋಸೆ, ರವೆ ದೋಸೆ, ಪೂರಿ, ಉದ್ದಿನ ವಡೆಯನ್ನು ಹೋಟೆಲಿನಲ್ಲೇ ತಿನ್ನಿ. 1943ರಲ್ಲಿ ಆರಂಭವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿನಲ್ಲಿ ಮಾಣಿಗಳು ತೋಳಿನುದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡಿದವರಿಗೆ ದೋಸೆಯ ಅವಸರ ಅರ್ಥವಾಗುತ್ತದೆ. ಇಡ್ಲಿ, ಸೆಟ್ ದೋಸೆ, ಪುಳಿಯೋಗರೆ, ಚಿತ್ರಾನ್ನವನ್ನು ಧಾರಾಳವಾಗಿ ಕಟ್ಟಿಸಿ. ಎರಡನೇ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಎಂಟಿಆರ್ ಹೋಟೆಲಿನವರು ಕಂಡುಕೊಂಡದ್ದೆಂದು ಹೆಸರಾದ ರವೆ ಇಡ್ಲಿಯಂತೂ ಆರಿದ ಮೇಲೂ ರುಚಿ ಬಿಡುವುದಿಲ್ಲ.

ಎರಡನೆಯದು, ದಾರಿ. ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಾದರೆ ಅಲ್ಲೇ ಕುಳಿತು ತಿನ್ನಿ. ಮನೆಯಲ್ಲಿ ದರ್ಶಿನಿಯ ಮೇಜಿನ ಮುಂದೆ ನಿಲ್ಲಲಾರದ ಹಿರಿಯರಿದ್ದರೆ ಮಾತ್ರ ಈ ಲೆಕ್ಕ ಬಿಟ್ಟು, ಮುಂದಿನ ಹೆಜ್ಜೆಯನ್ನು ಗಮನವಿಟ್ಟು ಓದಿ.

ಮೂರನೆಯದು, ಕಟ್ಟಿಸುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಟೋಕನ್ ಕೊಟ್ಟು ಮೊಬೈಲ್ ನೋಡುತ್ತ ನಿಲ್ಲಬೇಡಿ, ಕಟ್ಟುವವರ ಎದುರಿಗೇ ನಿಲ್ಲಿ. ಮನೆಯಿಂದ ಸ್ಟೀಲ್ ಡಬ್ಬಿಗಳನ್ನು ಒಯ್ಯಿರಿ: ತಿಂಡಿಗೆ ಅಗಲವಾದದ್ದು ಒಂದು, ಚಟ್ನಿಗೂ ಸಾಂಬಾರಿಗೂ ಬಿಗಿ ಮುಚ್ಚಳದವು ಎರಡು. ಬೇಡವೆನ್ನುವ ಹೋಟೆಲನ್ನು ನಾನು ಇದುವರೆಗೆ ಕಂಡಿಲ್ಲ, ಸ್ವಲ್ಪ ಗೊಣಗುವವರನ್ನು ಕಂಡಿದ್ದೇನೆ. ದೋಸೆ ಒಯ್ಯಲೇಬೇಕಾದರೆ ಸಾದಾ ದೋಸೆ ಹೇಳಿ, ಪಲ್ಯವನ್ನು ಬೇರೆ ಕಟ್ಟಿಸಿ. ಒಳಗೆ ಚಟ್ನಿ ಸವರುವುದು ಬೇಡವೆಂದು ಮೊದಲೇ ತಿಳಿಸಿ. ಕಾವಲಿಯಿಂದ ಇಳಿದ ದೋಸೆ ಒಂದೆರಡು ನಿಮಿಷ ತೆರೆದ ಬಾಳೆ ಎಲೆಯ ಮೇಲೆ ಹಬೆ ಆರಲಿ. ಆಮೇಲೆ ಮಡಚದೆ ಸಡಿಲವಾಗಿ ಸುರುಳಿ ಸುತ್ತಿ, ದೋಸೆಗಳ ನಡುವೆ ಎಲೆಯ ತುಂಡು ಇಟ್ಟು, ಡಬ್ಬಿಯ ಮುಚ್ಚಳವನ್ನು ಸ್ವಲ್ಪ ಓರೆಯಾಗಿಡಿ. ಸಾಂಬಾರಿನ ಡಬ್ಬಿಯನ್ನು ಅದರ ಪಕ್ಕದಲ್ಲಿ ಇಡಬೇಡಿ, ಅದರ ಬಿಸಿಗೆ ದೋಸೆ ಮತ್ತೆ ಬೆವರುತ್ತದೆ. ವಡೆಗೂ ಇದೇ ಕ್ರಮ.

ಕುದಿಯುವ ಸಾಂಬಾರನ್ನು ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ದಾರ ಕಟ್ಟಿಕೊಟ್ಟರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ನಮ್ಮ ಆರೋಗ್ಯ ಇಲಾಖೆ 2025ರಲ್ಲಿ ನಿಷೇಧಿಸಿದ್ದು ಬಿಸಿ ತಗುಲಿದ ಪ್ಲಾಸ್ಟಿಕ್ಕಿನ ಅಪಾಯಕ್ಕಾಗಿಯೇ. ಬೋಂಡವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುವುದೂ ನಿಯಮಕ್ಕೆ ವಿರುದ್ಧ, ಮುದ್ರಣದ ಶಾಯಿ ಎಣ್ಣೆಯೊಂದಿಗೆ ಹೊಟ್ಟೆ ಸೇರುತ್ತದೆ. ಬೆಳ್ಳಿಬಣ್ಣದ ಒಳಪದರದ ಪೊಟ್ಟಣಗಳು ಬಿಸಿ ಹಿಡಿದಿಡುತ್ತವೆ, ಜೊತೆಗೆ ಹಬೆಯನ್ನೂ ಹಿಡಿದಿಡುತ್ತವೆ. ಅವು ಬಿಸಿಬೇಳೆ ಬಾತಿನಂಥ ತಿಂಡಿಗೆ ಸಾಕು, ದೋಸೆಗೆ ಸಲ್ಲವು.

ನಾಲ್ಕನೆಯದು, ಮನೆಗೆ ಬಂದ ಮೇಲೆ. ಮೆತ್ತಗಾದ ದೋಸೆಯನ್ನು ಮೈಕ್ರೋವೇವ್‌ಗೆ ಇಟ್ಟರೆ ಚರ್ಮದಂತಾಗುತ್ತದೆ. ಎಣ್ಣೆ ಹಾಕದೆ, ಮುಚ್ಚದೆ, ಸಣ್ಣ ಉರಿಯ ಕಾವಲಿಯ ಮೇಲೆ ಒಂದು ನಿಮಿಷ ಬಿಡಿ. ಗಟ್ಟಿಯಾದ ಬಿಸಿಬೇಳೆ ಬಾತಿಗೆ ಬಿಸಿನೀರು ಸೇರಿಸಿ ಕಲಸಿದರೆ ಸಾಕು. ಕಾಯಿ ಚಟ್ನಿಯನ್ನು ಮಾತ್ರ ಮಧ್ಯಾಹ್ನದವರೆಗೆ ಹೊರಗಿಡಬೇಡಿ, ಸೆಕೆಗೆ ಬೇಗ ಹಳಸುತ್ತದೆ.

ಹಣದ ಲೆಕ್ಕ ಸುಲಭ. ಸಾಮಾನ್ಯ ಹೋಟೆಲುಗಳಲ್ಲಿ ಕುಳಿತು ತಿಂದರೂ ಕಟ್ಟಿಸಿಕೊಂಡರೂ ಜಿಎಸ್‌ಟಿ ಶೇ 5. ಪಾರ್ಸೆಲ್ ಶುಲ್ಕವನ್ನು ಬಿಲ್ಲಿನಲ್ಲಿ ನೋಡಿಕೊಳ್ಳಿ, ಸ್ವಂತ ಡಬ್ಬಿ ತಂದಿದ್ದರೆ ತೆಗೆಯಲು ಹೇಳಿ. ಕುಳಿತು ಉಂಡಾಗ ಸೇವಾ ಶುಲ್ಕ ಸೇರಿಸಿದ್ದರೆ ಅದನ್ನೂ ತೆಗೆಸಬಹುದು. ಅದು ಕಡ್ಡಾಯವಲ್ಲವೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ.

ಇನ್ನು ಕಾಫಿ. ಕಾಗದದ ಲೋಟದಲ್ಲಿ ಮುಚ್ಚಳ ಒತ್ತಿ ಕೊಟ್ಟ ಫಿಲ್ಟರ್ ಕಾಫಿ ಮನೆ ಸೇರುವಷ್ಟರಲ್ಲಿ ಕೆನೆಗಟ್ಟಿ, ನೊರೆ ಇಳಿದು, ಕಾಗದದ ವಾಸನೆ ಹಿಡಿದಿರುತ್ತದೆ. ಅಲ್ಲೇ ನಿಂತು ಕುಡಿದು ಬನ್ನಿ. ಮನೆಯವರಿಗೂ ಬೇಕಿದ್ದರೆ ಫ್ಲಾಸ್ಕ್ ಒಯ್ದು ಡಿಕಾಕ್ಷನ್ ಮಾತ್ರ ಕೇಳಿ, ಕೆಲವು ಕಡೆ ಕೊಡುತ್ತಾರೆ. ಹಾಲನ್ನು ಮನೆಯಲ್ಲೇ ಕಾಯಿಸಿಕೊಳ್ಳಿ.